ಕೊರಳಲ್ಲಿದ್ದ ಅಕ್ಕ

ನನ್ನ ಮದುವೆಯಲ್ಲಿ ಕೊರಳಿಗೆ ಎರಡು ಬಂಗಾರ ಬಿದ್ದವು. ಒಂದು ತಾಳಿ. ಇನ್ನೊಂದು ಉಗುರಿನಗಲದ ತಗಡು, ಅದರ ಮೇಲೆ ಒಬ್ಬ ಹೆಂಗಸಿನ ಆಕೃತಿ. ಆಕೆ ನನ್ನ ಗಂಡನ ಮೊದಲ ಹೆಂಡತಿ. ಮದುವೆಯಾಗಿ ಎರಡು ವರ್ಷಕ್ಕೆ ಜ್ವರ ಬಂದು ತೀರಿಕೊಂಡಿದ್ದಳು. ನಮ್ಮ ಕಡೆ ಎರಡನೆಯ ಸಂಬಂಧಕ್ಕೆ ಹೋದ ಹುಡುಗಿ ಸತ್ತ ಸವತಿಯ ಇಂಥ ತಗಡು, ಅಂದರೆ ಟಾಕು, ಮಾಡಿಸಿ ಹೀಗೆ ಕೊರಳಲ್ಲಿ ಧರಿಸಬೇಕು. ಇಲ್ಲದಿದ್ದರೆ ಆಕೆ ಸಿಟ್ಟಾಗಿ ಕಾಡುತ್ತಾಳೆ ಎಂದು ನಂಬಿಕೆ. ಸಾವಿರದ ಒಂಬೈನೂರ ಇಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಹದಿನಾಲ್ಕು. ಬೇರೆ ಹುಡುಗಿಯಾಗಿದ್ದರೆ ಹೆದರುತ್ತಿದ್ದಳೇನೋ. ನನಗೆ ಮಾತ್ರ ಅಕ್ಷತೆ ಬೀಳುವಾಗಲೂ ತಲೆಯಲ್ಲಿ ಒಂದೇ ಪ್ರಶ್ನೆ: ಇವಳ ಮೂಗು ನಿಜವಾಗಿ ಹೀಗೇ ಇತ್ತೋ, ಅಥವಾ ಬಂಗಾರ ಕೆತ್ತಿದ ಪತ್ತಾರನಿಗೆ ಇಷ್ಟೇ ಬರುತ್ತಿತ್ತೋ?

ನಾನು ಮಂಗಳವೇಢೆಯ ಜೋಳದ ಹೊಲಗಳಲ್ಲಿ ಬೆಳೆದವಳು. ಬಾಯಿಗೆ ಬೀಗವಿಲ್ಲದ ಹುಡುಗಿ. ಬಾವಿಯಲ್ಲಿ ಆಮೆ ಹೇಗೆ ಬಂತು, ಗೂಬೆ ಹಗಲು ಏನು ಮಾಡುತ್ತದೆ ಎಂದು ಅಪ್ಪನ ತಲೆ ತಿನ್ನುತ್ತಿದ್ದೆ. ಸೊಲ್ಲಾಪುರದ ಗಂಡನ ಮನೆಗೆ ಬಂದರೆ ಮುಂದೆ ಬಟ್ಟೆಯಂಗಡಿ, ಹಿಂದೆ ಮನೆ. ಗಿರಣಿಯ ಭೋಂಗಾ ಕೂಗಿದಾಗ ಏಳುವುದು, ಅತ್ತೆ ಹೇಳಿದಾಗ ಕೂರುವುದು. ಆ ಮನೆಯಲ್ಲಿ ಸತ್ತವಳ ಹೆಸರು ಯಾರೂ ಎತ್ತುತ್ತಿರಲಿಲ್ಲ. “ಆಕಿ” ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಹಾಲು ಒಡೆದರೆ ಆಕಿ, ನನಗೆ ನೆಗಡಿಯಾದರೆ ಆಕಿ. ಪಾಪ, ಸತ್ತ ಮೇಲೂ ಅವಳಿಗೆ ಮನೆಗೆಲಸ ತಪ್ಪಿರಲಿಲ್ಲ.

ಗಂಡನನ್ನು ಕೇಳಿದರೆ ಟೋಪಿ ಸರಿಮಾಡಿಕೊಂಡು ಅಂಗಡಿಗೆ ಹೋಗಿಬಿಡುತ್ತಿದ್ದರು. ಕಡೆಗೆ ಒಲೆಯ ಮುಂದೆ ಅತ್ತೆಯನ್ನೇ ಕೇಳಿದೆ.

“ಅತ್ತೀ, ಆಕಿ ಹೆಂಗಿದ್ಲರಿ?”

ಅತ್ತೆ ಹಿಟ್ಟು ನಾದುವುದನ್ನು ನಿಲ್ಲಿಸಿದರು. “ಬಂಗಾರದಂಥಾ ಹುಡುಗಿ ಇದ್ಲವಾ. ಒಂದ ರೊಟ್ಟಿ ಉಂಡು ಏಳತಿದ್ಲು. ಇನ್ನಷ್ಟು ನೀಡ್ರಿ ಅಂತ ಒಂದ ದಿನ ಅನಲಿಲ್ಲ. ನಕ್ಕರ ಹಲ್ಲು ಕಾಣತಿದ್ದಿಲ್ಲ. ನಿನ್ನಂಗ ಹೆಂಗ, ಯಾಕ, ಎಲ್ಲಿ ಅಂತ ಕೇಳಾಕಿ ಅಲ್ಲ.” ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿದವು. ಅತ್ತೆ ಕೆಟ್ಟವರಲ್ಲ. ಆ ಹುಡುಗಿಯನ್ನು ನಿಜವಾಗಿಯೂ ಹಚ್ಚಿಕೊಂಡಿದ್ದರು.

ನನಗೋ ಮೈಯೆಲ್ಲ ಉರಿದುಹೋಯಿತು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ಕರ್ಮ ನೋಡಿ! ಬದುಕಿದ್ದ ಸವತಿಯಾದರೆ ಒಂದಲ್ಲ ಒಂದು ದಿನ ರೊಟ್ಟಿ ಸೀಯಿಸುತ್ತಾಳೆ, ಬೈಸಿಕೊಳ್ಳುತ್ತಾಳೆ. ಇವಳಿಂದ ಇನ್ನು ಯಾವ ತಪ್ಪೂ ಆಗುವಂತಿರಲಿಲ್ಲ. ಹಾಗಾದರೆ ಅವಳಂತೆಯೇ ಇದ್ದು ನೋಡೋಣ, ಅದು ಹೇಗಿರುತ್ತದೆ ಎಂದುಕೊಂಡೆ. ಮೊದಲಿಗೆ ಅದು ಬರೀ ಕುತೂಹಲ, ಆಟದಂತೆ. ಒಂದೇ ರೊಟ್ಟಿಗೆ ಎದ್ದೆ. ನಗು ಬಂದರೆ ಸೆರಗು ಬಾಯಿಗಿಟ್ಟುಕೊಂಡೆ. ನಾಲಗೆಯ ತುದಿಗೆ ಬಂದ ಪ್ರಶ್ನೆಗಳನ್ನು ನುಂಗಿದೆ.

“ಈಗ ನೋಡ, ಸುಧಾರಿಸಾಕತ್ತೀ,” ಎಂದರು ಅತ್ತೆ. ಪಕ್ಕದ ಮನೆಯವರು ಬಂದು, “ಆಕಿನ ಹೊಳ್ಳಿ ಬಂದಂಗ ಆಗೇದ,” ಎಂದರು. ನಾನು ಹಿರಿಹಿರಿ ಹಿಗ್ಗಿದೆ. ಹೊಗಳಿಕೆಗೂ ಒಂದು ರುಚಿಯಿದೆ, ಅದು ಹತ್ತಿದರೆ ಬಿಡುವುದಿಲ್ಲ. ಒಂದು ದಿನ ನೀರು ಕೊಡಲು ಹೋದಾಗ ಗಂಡ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು, ನೋಡಿ ಕಣ್ಣು ಕೆಳಗೆ ಮಾಡಿದರು. ಅವರು ನೋಡಿದ್ದು ಯಾರನ್ನು ಎಂದು ಕೇಳಬೇಕೆನಿಸಿತು. ಆಕೆ ಕೇಳುತ್ತಿರಲಿಲ್ಲವಲ್ಲ, ನಾನೂ ಕೇಳಲಿಲ್ಲ. ಅಷ್ಟರಲ್ಲಿ ನನ್ನ ಕುಪ್ಪಸಗಳೆಲ್ಲ ಸಡಿಲಾಗಿದ್ದವು.

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವ ಕಾಲ. ನನಗೆ ಅವ್ವನ ಬಳಿ ಹೋಗುವ ತವಕ. ಅತ್ತೆ ಹೇಳಿದರು, ಮೊದಲ ಪಂಚಮಿ ಆಕೆಯ ತವರಿನಲ್ಲಿ ಆಗಬೇಕು, ಎರಡನೆಯವಳು ಆ ಮನೆಗೂ ಮಗಳೇ. ನನ್ನ ಅವ್ವ ಮಂಗಳವೇಢೆಯಲ್ಲಿ ದಾರಿ ಕಾಯುತ್ತಿರುವಾಗ ನಾನು ಸತ್ತವಳ ಅವ್ವನ ಮನೆಗೆ ಹೋಗಬೇಕೇ ಎಂದು ಅಳು ಬಂತು. ಜೊತೆಗೇ ಒಳಗೆಲ್ಲೋ ಹಳೆಯ ಕುತೂಹಲ ಕಿವಿ ನಿಮಿರಿಸಿತು. ಆಕೆ ಹೇಗಿದ್ದಳೆಂದು ಅಲ್ಲಿಯಾದರೂ ಯಾರಾದರೂ ಹೇಳಬಹುದು.

ಆಕೆಯ ಅಣ್ಣ ಕರೆಯಲು ಬಂದ. ಅಕ್ಕಲಕೋಟ ರೋಡ್ ಸ್ಟೇಷನ್ನಿನವರೆಗೆ ರೈಲು, ಅಲ್ಲಿಂದ ಅವರ ಮನೆಯ ಎತ್ತಿನ ಚಕ್ಕಡಿ. ಅಕ್ಕಲಕೋಟದ ಅಂಚಿನಲ್ಲಿ ದೊಡ್ಡ ಒಕ್ಕಲುತನದ ಮನೆ. ಬಾಗಿಲಲ್ಲಿ ಆಕೆಯ ಅವ್ವ ನಿಂತಿದ್ದರು, ಎತ್ತರದ ಹೆಂಗಸು. ಮೊದಲು ನನ್ನ ಕೊರಳು ನೋಡಿದರು, ಆಮೇಲೆ ಮುಖ. ಟಾಕನ್ನು ಬೆರಳಿನಿಂದ ಒಮ್ಮೆ ಸವರಿ, “ಬಾ ನನ್ನವ್ವ,” ಎಂದು ಕೈಹಿಡಿದು ಒಳಗೆ ಕರೆದುಕೊಂಡರು. ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು, ಓಣಿಯ ಹುಡುಗಿಯರು ಕೇಕೆ ಹಾಕುತ್ತಿದ್ದರು. ನನಗೂ ಕಾಲು ತುರಿಸಿತು. ಆದರೆ ಆಕೆ ಹೀಗೆಲ್ಲ ಕುಣಿಯುವವಳಲ್ಲ ಎಂದುಕೊಂಡು ಕಂಬದ ಪಕ್ಕ ತಲೆತಗ್ಗಿಸಿ ಕೂತೆ.

ಮರುದಿನ ಮಧ್ಯಾಹ್ನ ಆಕೆಯ ಅವ್ವ ನನ್ನೊಬ್ಬಳನ್ನೇ ಕೂರಿಸಿ ಬಡಿಸಿದರು. ಒಂದು ರೊಟ್ಟಿ ಮುಗಿಸಿ ತಾಟಿನ ಮೇಲೆ ಕೈ ಅಡ್ಡ ಹಿಡಿದೆ.

“ಯಾಕ ತಂಗಿ, ಮೈಯಾಗ ಹುಷಾರಿಲ್ಲೇನ?”

“ಹಂಗಲ್ಲರಿ ಅವ್ವಾ. ಸಾಕ್ರಿ.”

“ಒಂದ ರೊಟ್ಟಿಗೆ? ಈ ವಯಸ್ಸಿನಾಗ?”

ನನಗೆ ಹೆಮ್ಮೆ. ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದವಳಂತೆ ಹೇಳಿದೆ: “ಅಕ್ಕ ಒಂದ ಉಣತಿದ್ರಂತ. ನಾನೂ ಅವರಂಗ ಇರಾಕತ್ತೀನ್ರಿ.”

“ಯಾವ ಅಕ್ಕ?”

ನಾನು ಕೊರಳು ಮುಟ್ಟಿ ತೋರಿಸಿದೆ. ಅವರು ಜೋರಾಗಿ ನಕ್ಕುಬಿಟ್ಟರು. “ನನ್ನ ಮಗಳ? ಒಂದ ರೊಟ್ಟಿ? ಹಂಚಿನ ಮ್ಯಾಲಿಂದ ತಕ್ಕೊಂಡು ತಿಂತಿದ್ಲು, ಬೆಣ್ಣಿ ಹಚ್ಚಾಕ ನನಗ ಪುರಸೊತ್ತ ಕೊಡತಿದ್ದಿಲ್ಲ! ಆಕಿ ನಕ್ಕರ ಓಣಿ ತುದಿಗೆ ಕೇಳತಿತ್ತು. ಆ ಜೋಕಾಲಿ ಮ್ಯಾಲ ಆಕಿನ ಮುಂದ...”

ನಗು ಅಲ್ಲೇ ನಿಂತಿತು. ರೊಟ್ಟಿ ಹಿಡಿದ ಕೈ ಕೆಳಗಿಳಿಯಿತು. ಅವರು ಮೆಲ್ಲಗೆ ನನ್ನೆದುರು ಕುಳಿತರು.

“ಅಲ್ಲಿ ಒಂದ ಉಣತಿದ್ಲಂತೇನ?”

ನಾಲಗೆ ಕಚ್ಚಿಕೊಂಡೆ. ತಡವಾಗಿತ್ತು.

“ಯಾಕ ಸೊರಗೀದಿ ಅಂತ ಕೇಳಿದ್ರ, ಸೊಲ್ಲಾಪುರದ ನೀರು ಹತ್ತವಲ್ದು ಅಂತಿದ್ಲು. ನಾ ನಂಬಿದೆ.” ನನ್ನ ಕಡೆ ಬಾಗಿ ಕೇಳಿದರು, “ಯಾರಾರ ಉಣಬ್ಯಾಡ ಅಂದಿದ್ರೇನ?”

“ಇಲ್ಲರಿ. ಅತ್ತಿ ಅಂಥಾವರಲ್ಲ. ಕೇಳಿದ್ರ ನೀಡತಾರ.”

“ಕೇಳಿದ್ರ...” ಎಂದರು ಅವರು. ಹೊಸ ಮನೆಯಲ್ಲಿ ನಾಚಿಕೊಂಡು ಕೇಳದೆ ಎದ್ದವಳನ್ನು ಅತ್ತೆ ಬಂಗಾರದಂಥವಳು ಎಂದು ಹೊಗಳಿದ್ದರು. ಆ ಹೊಗಳಿಕೆಯ ಮೇಲೆ ಅವಳು ಮತ್ತೆಂದೂ ಕೇಳಲಾರದೆ ಹೋದಳು. ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ, ನಾನೂ ಅದನ್ನೇ ಮಾಡುತ್ತಿದ್ದೆ. ಅವರು ಸೆರಗು ಬಾಯಿಗೊತ್ತಿ ಅತ್ತರು. ನನಗೂ ಅಳು ತಡೆಯಲಿಲ್ಲ. ಅಷ್ಟು ದಿನ ಆಕೆ ನನಗೆ ಸವತಿ, ಇಲ್ಲವೇ ದೆವ್ವ. ಆ ಮಧ್ಯಾಹ್ನ ಮೊದಲ ಬಾರಿಗೆ ಆಕೆ ಹಸಿದ ಒಬ್ಬ ಹುಡುಗಿಯಾದಳು. ನನಗೆ ಆಕೆಯ ಮೇಲೆ ಪ್ರೀತಿ ಉಕ್ಕಿತು.

ಅತ್ತು ಮುಗಿಸಿ ಅವರು ಮೂಗೊರೆಸಿಕೊಂಡರು, ರೊಟ್ಟಿಯ ಬುಟ್ಟಿಯನ್ನು ಹತ್ತಿರ ಎಳೆದರು.

“ಆಕಿದು ಬಿಡು. ನಿನಗ ಏನ ಸೇರತದ, ಹೇಳ.”

ನಾನು ಆಕೆಯ ಬಗ್ಗೆ ಮೂಟೆಗಟ್ಟಲೆ ಪ್ರಶ್ನೆ ಹೊತ್ತು ಆ ಮನೆಗೆ ಬಂದಿದ್ದೆ. ಈ ಪ್ರಶ್ನೆಯನ್ನು ಯಾರಾದರೂ ನನಗೆ ಕೇಳಿಯಾರೆಂದು ಎಣಿಸಿರಲಿಲ್ಲ. ಮಂಗಳವೇಢೆಯಲ್ಲಿ ನನಗೇನು ಬೇಕೆಂದು ಕೇಳದೆಯೇ ಅವ್ವನಿಗೆ ತಿಳಿಯುತ್ತಿತ್ತು. ಸೊಲ್ಲಾಪುರದಲ್ಲಿ ಆಕೆಗೆ ಏನು ಸೇರುತ್ತಿತ್ತೆಂದು ಹುಡುಕಿ ಹುಡುಕಿ ಕಲಿತಿದ್ದೆ, ಅದೂ ಸುಳ್ಳಾಯಿತು. ನನ್ನದು? ಎಷ್ಟು ತಡಕಾಡಿದರೂ ಕೈಗೆ ಏನೂ ಹತ್ತಲಿಲ್ಲ. ಯಾವ ದೆವ್ವಕ್ಕೂ ಹೆದರದ ನಾನು ಆಗ ಹೆದರಿದೆ.

“ಗೊತ್ತಿಲ್ಲರಿ ಅವ್ವಾ,” ಎಂದೆ.

ಅವರು ನಗಲಿಲ್ಲ, ಬೈಯಲೂ ಇಲ್ಲ. ನನ್ನ ತಾಟಿನ ಸುತ್ತ ಒಂದೊಂದನ್ನೇ ಸ್ವಲ್ಪ ಸ್ವಲ್ಪ ಇಟ್ಟರು: ಖಾರದ ಶೇಂಗಾ ಹಿಂಡಿ, ಎಣ್ಣೆ ಬದನೆಕಾಯಿ, ಕೆನೆಮೊಸರು, ಉಪ್ಪು ಹಚ್ಚಿದ ಹಸಿಮೆಣಸಿನಕಾಯಿ, ಒಂದು ತುಂಡು ಬೆಲ್ಲ.

“ಗಡಿಬಿಡಿ ಇಲ್ಲ. ಒಂದೊಂದ ತಿಂದು ನೋಡು,” ಎಂದರು. “ಗೊತ್ತಾಗೂತನಕಾ ನಾ ಇಲ್ಲೇ ಕುಂದರತೀನಿ.”

ಅವರು ಕುಳಿತರು. ನಾನು ಒಂದು ತುದಿಯಿಂದ ಶುರುಮಾಡಿದೆ.