ಆರಿಸಿದ ಚಹಾ

ದಾಂಡೇಲಿಯಲ್ಲಿ ಆಗಷ್ಟೇ ಎದ್ದಿದ್ದ ಕಾಗದದ ಗಿರಣಿಗೆ ಯಂತ್ರ ಜೋಡಿಸಲು ಬಂದ ಅಮೆರಿಕದ ಸಾಹೇಬರಿಗೆ ನಾನು ದುಭಾಷಿ. ಅವರು ಕ್ರೈಸ್ತರಲ್ಲಿ ಮಾರ್ಮನ್ ಎಂಬ ಪಂಥದವರು. ಕ್ಯಾಂಟೀನಿನ ಈರಪ್ಪ ಚಹಾ ತಂದಾಗ, "ಬಿಸಿ ಪಾನೀಯ ನಮ್ಮ ಧರ್ಮಕ್ಕೆ ನಿಷಿದ್ಧ" ಎಂದರು. ಹಾಗೇ ಕನ್ನಡದಲ್ಲಿ ಹೇಳಿದೆ.

"ಅಷ್ಟ ಹೌದಲ್ರಿ?" ಎಂದ ಈರಪ್ಪ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದು, ಊದಿ ಆರಿಸಿ ಕೊಟ್ಟ. "ಈಗ ಕುಡೀರಿ."

ಸಾಹೇಬರು ನಕ್ಕು ಹಾಲು ಕೇಳಿದರು. ಹಬೆಯಾಡುವ ಹಾಲನ್ನು ಅವರು ಕುಡಿಯುವುದನ್ನು ಕಂಡು ಈರಪ್ಪನಿಗೆ ತಡೆಯಲಾಗಲಿಲ್ಲ. "ಇದು ಬಿಸಿ ಅಲ್ಲೇನು, ಅವರನ್ನ ಕೇಳ್ರಿ."

"ಬಿಸಿ ಅಂದರೆ ಚಹಾ, ಕಾಫಿ ಮಾತ್ರ ಎಂದು ನಮ್ಮ ಹಿರಿಯರು ಹೇಳಿದ್ದಾರೆ" ಎಂದರು ಸಾಹೇಬರು.

"ಇದೆಂಥ ನೇಮ?" ಎಂದು ನಾನೂ ಪಟ್ಟು ಹಿಡಿದೆ.

ಅವರು ನನ್ನ ಎರಡನೇ ತಾಟು ಉಪ್ಪಿಟ್ಟನ್ನು ನೋಡಿದರು. "ಇವತ್ತು ಸೋಮವಾರ, ಉಪವಾಸ ಅಂದಿದ್ದಿರಲ್ಲ?"

"ಉಪವಾಸ ಅಂದರೆ ಅನ್ನ ಮಾತ್ರ ಬಿಡೋದು" ಎಂದೆ.

ಸಾಹೇಬರು ಬಿದ್ದು ಬಿದ್ದು ನಕ್ಕರು.

"ಏನಂತಾರ್ರಿ?" ಎಂದು ಈರಪ್ಪ ಕೇಳಿದ.

"ಉಪ್ಪಿಟ್ಟು ಚಲೋ ಆಗೇತಂತ" ಎಂದೆ.