ಸ್ವಾನ್‌ಸೋಲ್‌ನ ಹೆಸರು ಕೆದಕಿದ ಹೆಸ್ಟರ್

ಹೆಸ್ಟರ್ ಟಕೆಟ್ ಇಂಗ್ಲೆಂಡಿನ ನಮ್ಮ ಸ್ವಾನ್‌ಸೋಲ್ ಹಳ್ಳಿಯಲ್ಲಿ ಮೂವತ್ತೊಂದು ವರ್ಷ ಸೈಕಲ್ ಮೇಲೆ ಅಂಚೆ ಹಂಚಿದವಳು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಯಜಮಾನಿ ಕಚ್ಚುತ್ತಾಳೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ, ಪಟ್ಟಣದ ಸಂಜೆ ತರಗತಿಗೆ ಸೇರಿ ಹಳೆಯ ಇಂಗ್ಲಿಷ್ ಕಲಿತಳು. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಸ್ವಾನ್ ಎಂದರೆ ಹಂಸ ತಾನೇ? ಊರ ಫಲಕದಲ್ಲಿ ಹಂಸ, ಪಬ್ಬಿನ ಗೋಡೆಯಲ್ಲಿ ಹಂಸ, ಚರ್ಚಿನಲ್ಲಿ ಮೊಣಕಾಲೂರುವ ದಿಂಬುಗಳ ಮೇಲೂ ಹಂಸ. ಜೀವಂತ ಹಂಸವನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅದು ಈಜುವಷ್ಟು ನೀರೂ ಊರಲ್ಲಿಲ್ಲ. ಲಂಡನ್ನಿನಿಂದ ಬಂದು ನೆಲೆಸಿ, ಎಂಟೇ ವರ್ಷಕ್ಕೆ ಗ್ರಾಮಸಭೆಯ ಅಧ್ಯಕ್ಷನಾಗಿದ್ದ ರಾಡ್ನಿ ಪೆಲ್ಲೋ, ಊರ ಹೆಸರಿನ ಚರಿತ್ರೆ ಬರೆದುಕೊಡೆಂದು ಹೆಸ್ಟರಳನ್ನು ಕೇಳಿದ. ಅವಳು ಆರು ತಿಂಗಳು ಹಳೆಯ ಕಾಗದಗಳ ಧೂಳು ಕುಡಿದು, ಸಾವಿರ ವರ್ಷದ ಹಿಂದಿನ ದಾನಪತ್ರವೊಂದನ್ನು ಹುಡುಕಿ ತೆಗೆದಳು.

ಸಭೆಯಲ್ಲಿ ಚಹಾ ಮುಗಿಯುವ ಮೊದಲೇ ಹೇಳಿಬಿಟ್ಟಳು: "ಅದ್ರಲ್ಲಿ ಸ್ವಾನ್ ಇಲ್ಲ, ಸ್ವಿನ್ ಅಂತಿದೆ. ಸ್ವಿನ್ ಅಂದ್ರೆ ಹಂದಿ, ಸೋಲ್ ಅಂದ್ರೆ ಕೆಸರುಗುಂಡಿ. ನಮ್ದು ಹಂದಿ ಹೊರಳೋ ಜಾಗ."

ರಾಡ್ನಿಯ ಬಿಸ್ಕತ್ತು ಕಪ್ಪಿನಲ್ಲಿ ಮುಳುಗಿತು. "ಮೆಲ್ಲಗೆ ಮಾತಾಡಿ ಹೆಸ್ಟರ್! ನನ್ ಮನೆ ಮಾರಾಟಕ್ಕಿದೆ."

"ನಾನೇನ್ ಮಾಡ್ಲಿ? ಹಂದಿಗಳು ನಿಮ್ಗಿಂತ ಮುಂಚೆ ಬಂದಿದ್ವು."

ವಿಷಯವನ್ನು ಮತಕ್ಕೆ ಹಾಕಿದರು. ದಾನಪತ್ರ ಬರೆದ ಸನ್ಯಾಸಿಗೆ ಕಾಗುಣಿತ ಬರುತ್ತಿರಲಿಲ್ಲವೆಂದು ಆರು ಮತಗಳಿಂದ ತೀರ್ಮಾನವಾಯಿತು. ವಿರುದ್ಧ ಬಿದ್ದದ್ದು ಹಂದಿ ಸಾಕುವ ನೆಡ್‌ನ ಒಂದೇ ಮತ.

"ಮೂವತ್ತೊಂದು ವರ್ಷ ಇವ್ರ ಒಂದು ಕಾಗದಾನೂ ತಪ್ಪು ಮನೆಗೆ ಹಾಕ್ಲಿಲ್ಲ. ಇವತ್ತು ನಂಗೇ ಓದೋಕೆ ಬರಲ್ವಂತೆ" ಎಂದು ಹೆಸ್ಟರ್ ನನ್ನ ಅಡುಗೆಮನೆಯಲ್ಲಿ ಕೂತು ಕಣ್ಣೊರೆಸಿಕೊಂಡಳು.

ಸುದ್ದಿ ಕೇಳಿ ಪಕ್ಕದ ಮಕ್ಲೋ ಹಳ್ಳಿಯವರು ಅವಳನ್ನು ಕರೆಸಿದರು. ಮಕ್ ಎಂದರೆ ಸಗಣಿ. ತಮ್ಮದು ತಿಪ್ಪೆಯೂರೆಂದು ಅವರು ವರ್ಷವರ್ಷವೂ ಸಗಣಿ ಎರಚುವ ಪಂದ್ಯ ನಡೆಸುತ್ತಿದ್ದರು. ಹೆಸ್ಟರ್ ಅಲ್ಲೂ ಹುಡುಕಿ, ಅದು ಸಗಣಿಯಲ್ಲ, 'ದೊಡ್ಡ ದಿಬ್ಬ' ಎಂದಳು.

ಅಲ್ಲಿನ ಪಬ್ಬಿನೊಡತಿ ಡಾಟ್ ಮುಖ ಸಿಂಡರಿಸಿದಳು. "ಅಯ್ಯೋ ತಾಯಿ, ಸಗಣಿ ನೋಡೋಕೆ ಎರಡು ಸಾವಿರ ಜನ ಬರ್ತಾರೆ. ದಿಬ್ಬ ನೋಡೋಕೆ ಯಾರ್ ಬರ್ತಾರೆ? ನಿಮ್ಮ ಕಾಗದಾನ ಮಡಚಿ ಒಳಗಿಟ್ಕೊಳ್ಳಿ."

ಹೆಸ್ಟರ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬಳೇ ನಕ್ಕಳಂತೆ. ಮರುವಾರ ಹೋಗಿ ಲ್ಯಾಟಿನ್ ತರಗತಿಗೆ ಹೆಸರು ಬರೆಸಿದಳು.

"ಇನ್ ಯಾವೂರಿಗೆ ಬೆಂಕಿ ಇಡ್ತೀಯೇ?" ಎಂದೆ.

"ಊರು ಸಾಕಾಯ್ತು ಕಣೇ. ಇನ್ನು ಚರ್ಚಿನ ಗೋರಿಕಲ್ಲಿನ ಮೇಲಿರೋ ಲ್ಯಾಟಿನ್ ಓದ್ತೀನಿ."

ಈ ಮಾತು ಪಾದ್ರಿಯವರ ಕಿವಿಗೂ ಬಿತ್ತು. ಆ ವಾರದಿಂದ ಅವರು ಗೋರಿಗಳ ಸುತ್ತ ಹುಲ್ಲು ಕತ್ತರಿಸುವುದನ್ನೇ ನಿಲ್ಲಿಸಿದ್ದಾರೆ; ಕಲ್ಲುಗಳ ಮೇಲಿನ ಅರ್ಧ ಅಕ್ಷರ ಆಗಲೇ ಮುಚ್ಚಿಹೋಗಿದೆ.