ನೇತ್ರಾವತಿಯ ಮಣಿಕಟ್ಟು

ನಮ್ಮ ಶಾಲೆಯ ದೈಹಿಕ ಶಿಕ್ಷಕಿ ನೇತ್ರಾವತಿಗೆ ಪಿಸ್ತೂಲಿನ ಹುಚ್ಚು ಹತ್ತಿದ್ದು ಮೂವತ್ತು ದಾಟಿದ ಮೇಲೆ, ಅದೂ ಮಕ್ಕಳ ನೆಪದಲ್ಲಿ. ಹಾಸನದ ಒಂದು ಕ್ರೀಡಾ ಶಿಬಿರಕ್ಕೆ ಅರಕಲಗೂಡಿನಿಂದ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದಳು. ಊಟದ ಬಿಡುವಿನಲ್ಲಿ ಅಲ್ಲಿದ್ದ ಏರ್ ಪಿಸ್ತೂಲನ್ನು ತಮಾಷೆಗೆಂದು ಎತ್ತಿ ಗುರಿಯಿಟ್ಟಳಂತೆ. ಪಕ್ಕದಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದ ಪುಟ್ಟರಾಜು ಕೈಯಲ್ಲಿದ್ದ ತುತ್ತನ್ನು ಹಾಗೇ ಬಿಟ್ಟು ಎದ್ದುಬಂದರು. ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದ ಮೇಲೆ ಹಾಸನದ ಹೊರಗೆ ಸಣ್ಣದೊಂದು ಶೂಟಿಂಗ್ ಕ್ಲಬ್ ನಡೆಸುತ್ತಿದ್ದವರು ಅವರು.

"ಯಾವೂರಮ್ಮ ನಿಂದು?"

"ಸಾಲಗಾಮೆ ಸಾ. ಮದ್ವೆ ಆಗಿರಾದು ಅರಕಲಗೂಡಿಗೆ."

"ಕೈ ಕಲ್ಲು ನಿಂತಂಗೆ ನಿಂತದಲ್ಲಮ್ಮ! ಭಾನುವಾರ ಬಾ, ನೋಡಾನ."

ಆ ಭಾನುವಾರ ಹೋದವಳು ಮತ್ತೆ ಬಿಡಲಿಲ್ಲ. ಬೆಳಿಗ್ಗೆ ಗೊರೂರಿನ ಮೇಲೆ ಹಾಯ್ದು ಸ್ಕೂಟರಿನಲ್ಲಿ ಹೋಗುವುದು, ಸಂಜೆಯೊಳಗೆ ವಾಪಸ್ಸು. ಗಂಡ ರವೀಶನಿಗೆ ಬಿತ್ತನೆ ಆಲೂಗೆಡ್ಡೆ, ಗೊಬ್ಬರದ ಅಂಗಡಿ. ಭಾನುವಾರ ಅವನಿಗೂ ಸಂತೆಯ ಗಡಿಬಿಡಿ. ಮನೆ ನಡೆಸುತ್ತಿದ್ದದ್ದು ಅತ್ತೆ ಮರಿಯಮ್ಮ. ಸೊಸೆ ಪಿಸ್ತೂಲು ಹಿಡಿಯುತ್ತಾಳೆಂದು ಕೇರಿಯಲ್ಲಿ ಯಾರಾದರೂ ನಕ್ಕರೆ, "ನಿಮ್ಮನೆ ಸೊಸೇರು ಮೊಬೈಲು ಇಡ್ಕತಾರೆ, ನನ್ ಸೊಸೆ ಪಿಸ್ತೂಲು ಇಡ್ಕತಾಳೆ, ಓಗಿ ಓಗಿ" ಎನ್ನುತ್ತಿದ್ದರು. ಅಷ್ಟು ಹೇಳುವ ಅತ್ತೆ ಸಿಕ್ಕುವುದು ಎಷ್ಟು ಜನಕ್ಕೆ?

ಎರಡು ವರ್ಷ ಕಳೆಯುವಷ್ಟರಲ್ಲಿ ನೇತ್ರಾ ಏರ್ ಪಿಸ್ತೂಲು ದಾಟಿ ಕ್ಲಬ್ಬಿನ ನಿಜವಾದ ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿಗೆ ಬಂದಳು. ಒಂದೇ ಕೈಯಲ್ಲಿ ಹಿಡಿದು ಹೊಡೆಯುವ ಸ್ಪರ್ಧೆಯ ಪಿಸ್ತೂಲು ಅದು. ಅದಕ್ಕೆ ಹಾಕುವುದು ಸಬ್‌ಸಾನಿಕ್ ಗುಂಡು, ಅಂದರೆ ಶಬ್ದದ ವೇಗಕ್ಕಿಂತ ತುಸು ನಿಧಾನವಾಗಿ ಹೋಗುವ ಗುಂಡು. ಸದ್ದೂ ಒದೆತವೂ ಕಡಿಮೆ, ಗುರಿ ಮಾತ್ರ ನೇರ. ಅವಳು ನನಗೆ ಅದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಡಸ್ಟರು ಹಿಡಿದು ವಿವರಿಸುತ್ತಿದ್ದಳು. ಕನ್ನಡ ಪಾಠ ಮಾಡುವ ನನಗೆ ಪಿಸ್ತೂಲಿನ ಬಗ್ಗೆ ಇಷ್ಟಾದರೂ ಗೊತ್ತಿರುವುದು ಅವಳಿಂದಲೇ.

ಹೋದ ವರ್ಷದ ಹುರುಳಿ ಸುಗ್ಗಿಯಲ್ಲಿ ಅವಳು ಬಿದ್ದಳು. ಗೊರೂರು ದಾಟಿ ಬರುವಾಗ ಯಾರೋ ರೈತರು ಹುರುಳಿ ಬಳ್ಳಿಯನ್ನು ಟಾರು ರಸ್ತೆಯ ಮೇಲೆ ಹರಡಿದ್ದರು, ಗಾಡಿಗಳು ಓಡಾಡಿ ಕಾಳು ಉದುರಲೆಂದು. ಸ್ಕೂಟರು ಜಾರಿತು. ಬಲಗೈ ಊರಿ ಬಿದ್ದಳು, ಮಣಿಕಟ್ಟಿನ ಮೂಳೆ ಮುರಿಯಿತು. ಆ ರೈತರೇ ಓಡಿಬಂದು, ಟವೆಲು ಹರಿದು ಕೈಗೆ ಕಟ್ಟಿ, ತಮ್ಮ ಆಟೋದಲ್ಲೇ ಹಾಸನಕ್ಕೆ ಕರೆದೊಯ್ದರು. ಆಪರೇಷನ್ ಆಗಿ ಒಳಗೆ ತಗಡು, ಸ್ಕ್ರೂ ಕೂರಿಸಿದರು. ನಾನು ನೋಡಲು ಹೋದಾಗ ಅವಳು ಮೊದಲು ಹೇಳಿದ್ದು ಆ ರೈತರ ವಿಷಯವನ್ನೇ. "ಗೌರಿ ಮಿಸ್, ಪಾಪ ಅವ್ರು ಆಸ್ಪತ್ರೆ ಬಾಗ್ಲಲ್ಲಿ ಸಾಯಂಕಾಲದ ತನಕ ಕೂತಿದ್ರು. ಕಣದ ಕೆಲ್ಸ ಅಂಗೇ ಬಿಟ್ಟು."

ಮನೆಗೆ ಬಂದ ಮೇಲೆ ಮರಿಯಮ್ಮ ಅವಳಿಗೆ ಒಂದು ಲೋಟ ಎತ್ತಲೂ ಬಿಡಲಿಲ್ಲ. ತಲೆ ಬಾಚಿದರು, ಜಡೆ ಹಾಕಿದರು, ಅನ್ನ ಕಲಸಿ ಕೊಟ್ಟರು. ಕಟ್ಟು ಬಿಚ್ಚಿದ ಮೇಲೂ ಅದೇ. ಪೊರಕೆ ಮುಟ್ಟಿದರೆ ಕಿತ್ತುಕೊಳ್ಳುವರು. ಒಲೆಯ ಹತ್ತಿರ ಬಂದರೆ, "ಇಟ್ಟು ನಾ ತಿರುವ್ತೀನಿ, ಅತ್ಲಾಗೆ ಓಗವ್ವ" ಎನ್ನುವರು. ಹಿಟ್ಟು ಎಂದರೆ ರಾಗಿ ಮುದ್ದೆ. ಆ ಮನೆಯಲ್ಲಿ ದಿನಕ್ಕೆರಡು ಸಲ ಮುದ್ದೆ ಆಗಲೇಬೇಕು. ಮದುವೆಯಾದಾಗಿನಿಂದ ಅದನ್ನು ತೊಳಸುತ್ತಿದ್ದವಳು ನೇತ್ರಾವತಿಯೇ.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಅವಳು ಮತ್ತೆ ಕ್ಲಬ್ಬಿಗೆ ಹೋದಳು. ಅಲ್ಲಿ ಶುರುವಾಯಿತು ಹೊಸ ಕಷ್ಟ. ಗುಂಡು ಹಾರಿದಾಗ ಪಿಸ್ತೂಲಿನ ಸ್ಲೈಡು ತಾನೇ ಹಿಂದೆ ಸರಿದು ಖಾಲಿ ತೋಟಾವನ್ನು ಹೊರಗೆ ಎಸೆಯಬೇಕು, ಮುಂದೆ ಬರುವಾಗ ಹೊಸ ಗುಂಡನ್ನು ತಳ್ಳಿ ಕೂರಿಸಬೇಕು. ಇವಳ ಕೈಯಲ್ಲಿ ಅದು ಅರ್ಧಕ್ಕೆ ನಿಲ್ಲತೊಡಗಿತು. ಖಾಲಿ ತೋಟಾ ಹೊರಬೀಳದೆ ಸ್ಲೈಡಿನ ಕಿಂಡಿಯಲ್ಲೇ ಸಿಕ್ಕಿಕೊಳ್ಳುವುದು. ಬೆರಳನ್ನು ಟ್ರಿಗರಿನಿಂದ ತೆಗೆದು, ಮೂತಿ ಗುರಿಯ ಕಡೆಗೇ ಇಟ್ಟು, ಪುಟ್ಟರಾಜು ಬಂದು ನೋಡುವ ತನಕ ಎಡಗೈ ಎತ್ತಿ ಕಾಯಬೇಕು. ಐದು ಗುಂಡಿನ ಸರದಿಯಲ್ಲಿ ಎರಡು ಸಲ ಹೀಗಾದರೆ ಗುರಿಯ ಮಾತೆಲ್ಲಿ?

"ಈ ಗುಂಡಲ್ಲಿ ದಮ್ಮಿಲ್ಲ ಸಾ," ಎಂದಳು ಒಂದು ದಿನ, ಸಿಟ್ಟಿನಿಂದ. "ಜೋರಾಗಿ ಓಗ ಗುಂಡು ಕೊಡಿ."

"ಇದು ಮೆತ್ತನೆ ಗುಂಡಿಗೇಂತ್ಲೇ ಮಾಡಿರ ಪಿಸ್ತೂಲು ಕಣಮ್ಮ. ಜೋರಿನದು ಆಕಿದ್ರೆ ಸ್ಲೈಡು ಬಡ್ಕಂಡು ಬಡ್ಕಂಡು ಒಂದಿನ ಬಿರುಕು ಬಿಡ್ತದೆ. ಕೊಡಿಲ್ಲಿ."

ಪುಟ್ಟರಾಜು ಅದೇ ಪಿಸ್ತೂಲು, ಅದೇ ಡಬ್ಬಿಯ ಗುಂಡು ತೆಗೆದುಕೊಂಡು ಹೊಡೆದರು. ಒಂದೂ ಸಿಕ್ಕಿಕೊಳ್ಳಲಿಲ್ಲ. ಖಾಲಿ ತೋಟಾಗಳು ಒಂದರ ಹಿಂದೊಂದು ನೆಲಕ್ಕೆ ಬಿದ್ದು ಉರುಳಿದವು. ನೇತ್ರಾವತಿಯ ಮುಖ ಸಣ್ಣದಾಯಿತು.

"ಬೇಜಾರ್ ಮಾಡ್ಕಬ್ಯಾಡ," ಎಂದರು ಅವರು. "ಈ ಗುಂಡು ಸ್ಲೈಡನ್ನ ಹಿಂದಕ್ಕೆ ತಳ್ಳಾದೇ ಮೆತ್ತಗೆ. ಇಡ್ದಿರ ಕೈ ಗೋಡೆ ಇದ್ದಂಗೆ ಇದ್ರೆ ಅದು ಪೂರಾ ಹಿಂದಕ್ಕೋಗ್ತದೆ. ಮಣಿಕಟ್ಟು ಸಡಿಲ ಆದ್ರೆ ಇಡೀ ಪಿಸ್ತೂಲೇ ಹಿಂದಕ್ಕೆ ಬತ್ತದೆ, ಸ್ಲೈಡಿಗೆ ಜೋರು ಸಾಲಲ್ಲ. ಮೆದು ಸ್ಪ್ರಿಂಗು ಆಕ್ಬೌದಿತ್ತು, ಆದ್ರೆ ಇನ್ನಿಬ್ರು ಇದ್ನೇ ಇಡೀತಾರಲ್ಲ. ಮನೇಲಿ ಕೈಗೆ ಕೆಲ್ಸ ಕೊಡ್ತಿದ್ದೀಯಾ?"

ಆಪರೇಷನ್ ಮಾಡಿದ ಡಾಕ್ಟರೂ ಕೇಳಿದ್ದು ಅದನ್ನೇ. ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಕೈಯನ್ನು ದುಡಿಸದಿದ್ದರೆ ಬಲ ಬರುವುದಿಲ್ಲ ಎಂದಿದ್ದರು.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಅವಳು ನನ್ನ ಮುಂದೆ ಅತ್ತಳು. "ಎಂಗ್ ಹೇಳ್ಲಿ ಮಿಸ್ ಅತ್ತೆಗೆ? ನೀವು ಪ್ರೀತಿಯಿಂದ ಮಾಡ್ತಿರೋದೇ ನನ್ ಕೈಯ ಕೆಡಿಸ್ತಾ ಅದೆ ಅಂತ ಹೇಳಾಕಾಯ್ತದಾ? ಅವರವ್ವಂದು ಕತೆ ಗೊತ್ತಲ್ಲ ನಿಮ್ಗೆ."

ನನಗೆ ಗೊತ್ತಿತ್ತು. ಮರಿಯಮ್ಮ ಚಿಕ್ಕವರಿದ್ದಾಗ ಅವರ ತಾಯಿ ಬಾವಿಕಟ್ಟೆಯಲ್ಲಿ ಜಾರಿ ಕೈ ಮುರಿದುಕೊಂಡರಂತೆ. ಕಟ್ಟು ಹಾಕಿಸಿದ ವಾರದಲ್ಲೇ ಆ ತುಂಬಿದ ಮನೆಯಲ್ಲಿ ಅವರನ್ನು ಬೀಸುವ ಕಲ್ಲಿನ ಮುಂದೆ ಕೂರಿಸಿದರು. ಕೈ ಸೊಟ್ಟಗೇ ಉಳಿಯಿತು. ಸಾಯುವ ತನಕ ಆಕೆ ಮಕ್ಕಳಿಗೆ ಎಡಗೈಯಲ್ಲೇ ತಲೆ ಬಾಚಿದರು. ಸೊಸೆಯ ಕೈಯಿಂದ ಪೊರಕೆ ಕಿತ್ತುಕೊಳ್ಳುವಾಗ ಮರಿಯಮ್ಮನ ಕಣ್ಣ ಮುಂದೆ ಇದ್ದದ್ದು ಆ ಕೈ.

"ಇದ್ದದ್ದನ್ನ ಇದ್ದ ಹಾಗೇ ಹೇಳು," ಎಂದೆ ನಾನು. ಬೇರೆ ಉಪಾಯ ನನಗೂ ತಿಳಿದಿರಲಿಲ್ಲ.

ಅಂದು ಸಂಜೆ ಅವಳು ಒಲೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳಂತೆ. ಗುಂಡು, ಸ್ಲೈಡು, ಡಾಕ್ಟರು ಹೇಳಿದ್ದು. ಮರಿಯಮ್ಮ ಎಸರಿನ ಕಡೆಗೇ ನೋಡುತ್ತ ಕೇಳಿದರು.

"ನೋವಾಯ್ತದಾ?"

"ಸ್ವಲ್ಪ ಆಯ್ತದೆ. ಆಗ್ಲೇಬೇಕಂತೆ."

"ನಮ್ಮವ್ವಂಗೂ ಇಂಗೇ ಅಂದಿದ್ರು ಕಣವ್ವ, ಕೆಲ್ಸ ಮಾಡುದ್ರೆ ಸರಿಯಾಯ್ತದೆ ಅಂತ."

"ನಿಮ್ಮವ್ವಂಗೆ ಮೂಳೆ ಕೂಡೋ ಮೊದ್ಲೇ ಅಂದಿದ್ರು ಅತ್ತೆ. ನನ್ ಮೂಳೆ ಕೂಡಿದೆ. ನೀವು ಕಾದ್ರಲ್ಲ, ಅದ್ಕೇ ಕೂಡಿದೆ."

ಮರಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಮುದ್ದೆಯನ್ನು ತಾವೇ ತಿರುವಿದರು. ಎಲ್ಲರಿಗೂ ಬಡಿಸಿದರು. ಆದರೆ ಮರುದಿನ ಬೆಳಿಗ್ಗೆ ಸಣ್ಣ ಪಾತ್ರೆಯೊಂದರಲ್ಲಿ ಒಬ್ಬರಿಗಾಗುವಷ್ಟು ಎಸರಿಟ್ಟು ಸೊಸೆಯನ್ನು ಕೂಗಿದರು.

"ಬಾ ಇಲ್ಲಿ. ಒಂದೇ ಮುದ್ದೆ. ನೋವಂದ್ರೆ ಬಿಟ್ಬುಡ್ಬೇಕು."

ಪಾತ್ರೆ ಅಲುಗದಂತೆ ಕವೆಗೋಲು ಒತ್ತಿ ಹಿಡಿದು ಅವರು ಕುಳಿತರು. ನೇತ್ರಾವತಿ ದೊಣ್ಣೆ ಹಿಡಿದು ತಿರುವಿದಳು. ಹಿಟ್ಟು ಗಟ್ಟಿಯಾಗುತ್ತಿದ್ದಂತೆ ಮಣಿಕಟ್ಟು ನಡುಗಿತು, ಕಣ್ಣಲ್ಲಿ ನೀರು ಬಂತು. ಮುದ್ದೆಯೊಳಗೆ ಗಂಟು ಗಂಟು. ಆ ಮುದ್ದೆಯನ್ನು ಮರಿಯಮ್ಮ ಬೇರೆ ಯಾರಿಗೂ ಕೊಡದೆ ತಾವೇ ಉಂಡರು.

ಆಮೇಲೆ ಪಾತ್ರೆ ನಿಧಾನವಾಗಿ ದೊಡ್ಡದಾಯಿತು. ಇಬ್ಬರ ಮುದ್ದೆ, ಮನೆಯವರೆಲ್ಲರ ಮುದ್ದೆ. ಆಲೂಗೆಡ್ಡೆ ಬಿತ್ತನೆಗೆ ಹೊಲದಲ್ಲಿ ಆಳುಗಳಿದ್ದ ದಿನ ಅಷ್ಟೂ ಜನಕ್ಕೆ ಅವಳೇ ತಿರುವಿದಳು. ಜೊತೆಗೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನೂ ಬಿಡಲಿಲ್ಲ. ಸಂಜೆ ನೀರು ತುಂಬಿದ ಬಾಟಲಿಯನ್ನು ಚಾಚಿದ ಕೈಯಲ್ಲಿ ಹಿಡಿದು ನಿಲ್ಲುವುದು. ರವೀಶ ಎದುರಿಗೆ ಕೂತು, "ಅಲ್ಲಾಡ್ತು, ಅಲ್ಲಾಡ್ತು" ಎಂದು ಕಾಡುವುದು. ಕ್ಲಬ್ಬಿನಲ್ಲಿ ಗುಂಡು ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತ ಬಂತು. ಒಂದು ಭಾನುವಾರ ಪೂರ್ತಿ ಡಬ್ಬಿ ಮುಗಿದರೂ ಒಂದೂ ಸಿಕ್ಕಲಿಲ್ಲ. ಪುಟ್ಟರಾಜು ಇನ್ನೊಂದು ಡಬ್ಬಿ ತೆಗೆದಿಟ್ಟರು.

ಈ ವರ್ಷದ ರಾಜ್ಯಮಟ್ಟದ ಸ್ಪರ್ಧೆಗೆ ನಾನೂ ರವೀಶನ ಜೊತೆ ಹೋಗಿದ್ದೆ. ಮೊದಲ ಭಾಗ, ನಿಧಾನವಾಗಿ ಹೊಡೆಯುವುದು, ಚೆನ್ನಾಗಿಯೇ ಆಯಿತು. ಎರಡನೆಯದು ವೇಗದ್ದು: ದೀಪ ಹಸಿರಾದ ಕೂಡಲೇ ಕೈ ಎತ್ತಿ ಹೊಡೆಯಬೇಕು. ಕೊನೆಯ ಸರದಿಗಳಲ್ಲಿ ಒಂದರ ನಡುವೆ ಅವಳ ಪಿಸ್ತೂಲು ಸುಮ್ಮನಾಯಿತು. ಎಡಗೈ ಎತ್ತಿ ನಿಂತಳು. ಗಾಜಿನಾಚೆಯಿಂದಲೇ ಅವಳ ಮುಖ ಬಿಳಿಚಿದ್ದು ನನಗೆ ಕಂಡಿತು. ರವೀಶ ನನ್ನ ಛತ್ರಿಯನ್ನು ಹಿಡಿದುಕೊಂಡು ಹಿಂಡುತ್ತಿದ್ದ.

ಅಧಿಕಾರಿ ಬಂದು ಪಿಸ್ತೂಲು ತೆಗೆದುಕೊಂಡು ನೋಡಿದರು. ಗುಂಡು ಸರಿಯಾಗಿಯೇ ಕೂತಿತ್ತು, ಪಿನ್ನು ಬಡಿದ ಗುರುತೂ ಇತ್ತು, ಆದರೆ ಒಳಗಿನ ಮದ್ದು ಹೊತ್ತಿಕೊಂಡಿರಲಿಲ್ಲ.

"ಗುಂಡೇ ಸತ್ತಿದೆ. ನಿಮ್ಮ ತಪ್ಪಲ್ಲ," ಎಂದರು. "ಸರದಿ ಮತ್ತೆ ಹೊಡೀರಿ."

ಅವಳು ನಕ್ಕುಬಿಟ್ಟಳು. ಅಷ್ಟು ಜನರ ನಡುವೆ, ಸ್ಪರ್ಧೆಯ ಮಧ್ಯದಲ್ಲಿ ಹಾಗೆ ನಕ್ಕವಳನ್ನು ಪಕ್ಕದ ಸಾಲಿನವರು ತಿರುಗಿ ನೋಡಿದರು. ಆಮೇಲೆ ನನಗೆ ಹೇಳಿದಳು: "ನನ್ ಕೈಯಲ್ಲ ಅಂದ್ರಲ್ಲ ಮಿಸ್, ಆಗ ಎದೆ ಮೇಲಿಂದ ಕಲ್ಲು ಇಳ್ದಂಗಾಯ್ತು." ಮತ್ತೆ ಹೊಡೆದ ಸರದಿಯಲ್ಲಿ ಐದೂ ಗುಂಡು ಗುರಿಹಲಗೆಯ ನಡುವಿನ ಕಪ್ಪು ವೃತ್ತದೊಳಗೆ ಬಿದ್ದವು.

ಪದಕ ಬರಲಿಲ್ಲ. ಫೈನಲ್ಲಿಗೆ ಒಂದೇ ಸ್ಥಾನ ಕಡಿಮೆಯಾಯಿತು. ಆದರೆ ದಕ್ಷಿಣ ವಲಯದ ಸ್ಪರ್ಧೆಗೆ ಬೇಕಾದ ಅಂಕ ದಾಟಿದ್ದಳು. ಫಲಿತಾಂಶ ಗೋಡೆಗೆ ಅಂಟಿಸಿದ ಮೇಲೆ ಪುಟ್ಟರಾಜುವಿನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಳು. ಅವರು ಹಿಂದೆ ಸರಿದು, "ನಂಗ್ಯಾಕಮ್ಮ? ಮನೇಲಿ ಮಾಡೋಗು," ಎಂದರು.

ಫೋನಿನಲ್ಲಿ ಸುದ್ದಿ ಕೇಳಿದ ಮರಿಯಮ್ಮ, "ಉಂಡ್ಯಾ? ಮೊದ್ಲು ಉಣ್ಣು," ಎಂದು ಇಟ್ಟುಬಿಟ್ಟರು. ಆದರೆ ಮುಂದಿನ ಭಾನುವಾರ, ಯಾರೂ ಕರೆಯದೆ, ಅವರೇ ಹೊಸ ಸೀರೆಯುಟ್ಟು ಅವರೆಕಾಯಿಯ ಚೀಲ ಹಿಡಿದು ಹಾಸನದ ಬಸ್ಸು ಹತ್ತಲು ತಯಾರಾದರು. ನನ್ನನ್ನೂ ಎಳೆದುಕೊಂಡು ಹೋದರು. ಕ್ಲಬ್ಬಿನಲ್ಲಿ ಅವರ ಕಿವಿಗೆ ದೊಡ್ಡ ಮುಚ್ಚಳ ಹಾಕಿ, ಬಿಳಿಗೆರೆಯ ಹಿಂದೆ ಕುರ್ಚಿ ಕೊಟ್ಟು ಕೂರಿಸಿದರು. ಸೊಸೆ ಐದು ಗುಂಡು ಹೊಡೆದು ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟಳು. ಮರಿಯಮ್ಮ ಮುಚ್ಚಳ ತೆಗೆದು ಪುಟ್ಟರಾಜುವಿನ ಕಡೆ ತಿರುಗಿದರು.

"ಇಷ್ಟೇಯಾ ಸಾ ಸದ್ದು? ನಮ್ಮನೆ ಕುಕ್ಕರೇ ಇದುಕ್ಕಿಂತ ಜೋರಾಗಿ ಕೂಗ್ತದೆ."

ಪುಟ್ಟರಾಜು ಹೊಟ್ಟೆ ಹಿಡಿದು ನಕ್ಕರು. ಮರಿಯಮ್ಮ ನಗಲಿಲ್ಲ. ಎದ್ದುಹೋಗಿ ಸೊಸೆಯ ಬಲಗೈಯನ್ನು ತೆಗೆದುಕೊಂಡು ಮಣಿಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು, ಸಂತೆಯಲ್ಲಿ ಹಣ್ಣು ನೋಡುವವರಂತೆ. "ಗಟ್ಟಿಯಾಗದೆ ಕಣವ್ವ," ಎಂದರು. ನೇತ್ರಾವತಿ ಅಲ್ಲೇ, ಎಲ್ಲರೆದುರಿಗೆ, ಅವರ ಹೆಗಲಿಗೆ ಹಣೆಯಿಟ್ಟು ನಿಂತುಬಿಟ್ಟಳು. ಮುಂದಿನ ಶೂಟರು ಮ್ಯಾಗಜೀನು ಹಿಡಿದು, ಇವರಿಬ್ಬರೂ ಪಕ್ಕಕ್ಕೆ ಸರಿಯುವ ತನಕ ಕಾಯುತ್ತಿದ್ದ.